ಕಾಕಾನ ವೈಸರ್ ಮತ್ತು 72 ಗಂಟೆ

ನಿನ್ನೆ ರಾತ್ರಿ ಧಾರವಾಡದ ಕಾಕಾ ಮನೆ ಗುಂಪಿಗೆ ಒಂದು ವಿಡಿಯೋ ಹಾಕಿದರು. ಎರಡೂ ಕಡೆ ಅಂಟುವ ಟೇಪಿನಲ್ಲಿ ಕಾರನ್ನೇ ನೇತುಹಾಕಿದ್ದಾರೆ. ಹನ್ನೊಂದರವರೆಗೆ ಯಾರೂ ಮಲಗಲಿಲ್ಲ.

ಕಾಕಾ: ನೋಡ್ರಿ, ಇನ್ನು ಸ್ಕ್ರೂ ಬೇಡ, ನಟ್ಟು ಬೇಡ. ನಾನೂ ಕಾರಿನ ನಾಲ್ಕು ಬಾಗಿಲಿಗೂ ವೈಸರ್, ಅದೇ ಕಿಟಕಿಯ ಮೇಲೆ ಮಳೆ ತಡೆಯುವ ಪಟ್ಟಿ, ಅಂಟಿಸಿದೆ. ಬೆಳಿಗ್ಗೆ ಗದಗಕ್ಕೆ ಬರುತ್ತೇವೆ.

ನಾನು: ಯಾವಾಗ ಅಂಟಿಸಿದಿರಿ ಕಾಕಾ?

ಕಾಕಾ: ಈಗ, ಊಟಕ್ಕೆ ಮುಂಚೆ.

ನಾನು: ಹಾಗಾದರೆ ನಾಳೆ ಗಾಡಿ ತೆಗೆಯಬೇಡಿ. ಅಕ್ರಿಲಿಕ್ ಫೋಮ್ ಟೇಪು ಅದು. 20 ನಿಮಿಷಕ್ಕೆ ಅರ್ಧ ಬಲ, ಒಂದು ದಿನಕ್ಕೆ ನೂರಕ್ಕೆ 90. ಪೂರ್ತಿ ಕಚ್ಚಿಕೊಳ್ಳಲು 72 ಗಂಟೆ ಬೇಕು.

ಕಾಕಾ: ಕೈಯಿಂದ ಜಗ್ಗಿ ನೋಡಿದೆ, ಅಲುಗಲಿಲ್ಲ. ಕಾರೇ ನೇತಾಡುತ್ತದೆ, ವೈಸರ್ ಯಾವ ಲೆಕ್ಕ?

ನಾನು: ಅಡ್ಡ ಜಗ್ಗಿದರೆ ಆ ಟೇಪು ಬಿಡುವುದಿಲ್ಲ, ನಿಜ. ಮೂಲೆಯಿಂದ ಸುಲಿದರೆ ಮಾತ್ರ ಸೋಲುತ್ತದೆ. ಹೈವೇ ಗಾಳಿ ಮೂಲೆಯನ್ನೇ ಹಿಡಿದು ಎತ್ತುತ್ತದೆ.

ಗದಗ ಮಾಮಾ: ಏನು ಹಚ್ಚಿ ಒರೆಸಿದಿರಿ?

ಕಾಕಾ: ಒರೆಸುವುದೇನು? ಬೆಳಿಗ್ಗೆ ತಾನೇ ಪಾಲಿಶ್ ಮಾಡಿಸಿದ್ದೆ. ಮುಖ ಕಾಣುವ ಹಾಗಿದೆ.

ಮಾಮಾ: ಕೆಟ್ಟಿತು! ಟೇಪು ಹಿಡಿದದ್ದು ಪಾಲಿಶಿನ ಮೇಣವನ್ನು, ಬಣ್ಣವನ್ನಲ್ಲ.

ನಾನು: ಒರೆಸುವ ಸ್ಪಿರಿಟ್, ಅಂದರೆ ಐಸೋಪ್ರೊಪೈಲ್ ಆಲ್ಕೋಹಾಲ್‌ಗೆ ಅಷ್ಟೇ ನೀರು ಬೆರೆಸಿ ಒರೆಸಬೇಕಿತ್ತು. ಒಣಗಿದ ಮೇಲೆ ಅಂಟಿಸಿ, ಗಟ್ಟಿಯಾಗಿ ಒತ್ತಬೇಕಿತ್ತು.

ಕಾಕು: ಆಲ್ಕೋಹಾಲ್ ಮನೆಗೆ ತರಲು ಇದೊಂದು ಹೊಸ ನೆವ ಹೇಳಿಕೊಡಬೇಡ ತಮ್ಮಾ.

ಹಾವೇರಿ ಅಕ್ಕ: ನಮ್ಮ ಬಂಪರಿನ ಕೆಳಗೆ ಕಪ್ಪು ಪ್ಲಾಸ್ಟಿಕ್ ಇದೆಯಲ್ಲಾ, ಅದರ ಮೇಲೆ ಎರಡು ಸಲ ಅಂಟಿಸಿದೆ. ಎರಡೂ ಸಲ ಬಿತ್ತು. ಸುಳ್ಳು ಟೇಪು.

ನಾನು: ಟೇಪಿನ ತಪ್ಪಲ್ಲ ಅಕ್ಕಾ. ಅಂಥ ಕಡೆ ಜಾಸ್ತಿ ಇರುವುದು ಪಾಲಿಪ್ರೊಪೈಲಿನ್ ಎಂಬ ಪ್ಲಾಸ್ಟಿಕ್. ಅಂಟು ಹಿಡಿಯಲೆಂದು ಮೊದಲೇ ಹಚ್ಚುವ ಪ್ರೈಮರ್ ಇಲ್ಲದೆ ಅದು ಸಾಮಾನ್ಯ ಅಂಟನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ನಿನ್ನ ಗಾಡಿಯ ಹೆಸರಿನ ಅಕ್ಷರ ನೋಡು, ಕಂಪನಿಯವರೂ ಇಂಥ ಟೇಪಿನಲ್ಲೇ ಅಂಟಿಸುತ್ತಾರೆ.

ಸಣ್ಣ ತಮ್ಮ: ನನ್ನ ಬೈಕಿನ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ನಂಬರ್ ಪ್ಲೇಟೂ ಅಂಟಿಸಿಬಿಡು ಅಂದರು ಕಾಕಾ.

ಮಾಮಾ: ಅದೊಂದು ಮಾಡಬೇಡ. ಬಿಚ್ಚಲು ಬಾರದ ಸ್ನ್ಯಾಪ್ ಲಾಕ್ ಹಾಕಿಯೇ ಕೂರಿಸಬೇಕು. ಕಳ್ಳರು ಪ್ಲೇಟು ಬದಲಿಸಬಾರದು ಅಂತಲೇ ಆ ಲಾಕ್ ಇರುವುದು.

ಕಾಕಾ: ಎಲ್ಲರೂ ಎಂಜಿನಿಯರ್ ಆಗಿದ್ದೀರಿ. ಬೆಳಿಗ್ಗೆ ಆರಕ್ಕೆ ಹೊರಡುವುದೇ.

ಹೊರಟೂ ಬಿಟ್ಟರು. ಏಳೂವರೆಗೆ ಮೊಬೈಲ್ ಟಿಣ್ ಅಂತು.

ಕಾಕು: ಅಣ್ಣಿಗೇರಿ ದಾಟಿದೆವು. ವೈಸರ್ ಮೂರಿವೆ.

ಕಾಕಾ: ನಾಲ್ಕನೆಯದನ್ನು ನಾನೇ ತೆಗೆದು ಡಿಕ್ಕಿಯಲ್ಲಿ ಇಟ್ಟಿದ್ದೇನೆ.

ಕಾಕು: ಹಿಂದೆ ಬರುತ್ತಿದ್ದ ಟಂಟಂನವನು ಎತ್ತಿ ತಂದುಕೊಟ್ಟ ಮೇಲೆ.

ಮಾಮಾ: ಬನ್ನಿ, ಸ್ಪಿರಿಟ್ ತೆಗೆದಿಟ್ಟಿದ್ದೇನೆ. ಅಂಟಿಸಿ ಮೂರು ದಿನ ಗಾಡಿ ಇಲ್ಲೇ ನಿಲ್ಲಲಿ.

ಕಾಕು: ಗೊತ್ತಿತ್ತು. ನಾಲ್ಕು ಸೀರೆ ತಂದಿದ್ದೇನೆ.