ಥೈರಾಯ್ಡ್ ಡೋಸ್ ಏರಿಸಿದರೂ ಟಿಎಸ್ಎಚ್ ಇಳಿಯುತ್ತಿಲ್ಲ, ಕಬ್ಬಿಣದ ಮಾತ್ರೆ ಕಾರಣ ಇರಬಹುದಾ?

ಹರಿಹರ ಬಸ್ ಟೀಚರ್, ದಾವಣಗೆರೆ:

ಅಕ್ಕಂದಿರೇ, ನನಗೆ 43 ವರ್ಷ. ವಿದ್ಯಾನಗರದಲ್ಲಿ ಮನೆ, ಹರಿಹರದ ಶಾಲೆಯಲ್ಲಿ ಕೆಲಸ. ಆರು ವರ್ಷದಿಂದ ಥೈರಾಯ್ಡ್ ಮಾತ್ರೆ ನುಂಗುತ್ತಿದ್ದೇನೆ. 75 ಮೈಕ್ರೋಗ್ರಾಂ ಡೋಸ್‌ನಲ್ಲಿ ಟಿಎಸ್ಎಚ್ (ಥೈರಾಯ್ಡ್ ಕಡಿಮೆ ಆದಷ್ಟೂ ರಕ್ತಪರೀಕ್ಷೆಯಲ್ಲಿ ಏರುವ ಅಂಕಿ) 3ರ ಆಸುಪಾಸು ಇರುತ್ತಿತ್ತು.

ಹೋದ ವರ್ಷದಿಂದ ಮುಟ್ಟಾದರೆ ಎಂಟು ದಿನ ನಿಲ್ಲುವುದಿಲ್ಲ. ಹಿಮೋಗ್ಲೋಬಿನ್ 9.2ಕ್ಕೆ ಬಂತು. ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಮಂಡಿ ನೋವಿಗೆ ಇನ್ನೊಂದು ಕಡೆ ತೋರಿಸಿದೆ. ಅಲ್ಲಿ ಕ್ಯಾಲ್ಸಿಯಂ, ವಾರಕ್ಕೊಂದು ವಿಟಮಿನ್ ಡಿ ಕೊಟ್ಟರು. ಕೂದಲು ಉದುರುತ್ತದೆ ಅಂದಿದ್ದಕ್ಕೆ ಓರಗಿತ್ತಿ ಬಯೋಟಿನ್ ಅನ್ನೋ ವಿಟಮಿನ್ ಮಾತ್ರೆ ಹೇಳಿದಳು. ಅದನ್ನು ಯಾರನ್ನೂ ಕೇಳದೆ ನಾನೇ ತಂದೆ.

ಬೆಳಿಗ್ಗೆ ಆರೂವರೆಗೆ ಎಲ್ಲವನ್ನೂ ಅಂಗೈಗೆ ಹಾಕಿಕೊಂಡು ಒಟ್ಟಿಗೆ ನುಂಗುತ್ತೇನೆ. ಹಿಂದೆಯೇ ಕಾಫಿ. ಆಮೇಲೆ ಒಂದಿಷ್ಟು ಮಂಡಕ್ಕಿ ಒಗ್ಗರಣೆ ತಿಂದು ಬಸ್ಸಿಗೆ ಓಡುತ್ತೇನೆ. ಒಂದೂ ಮರೆಯಬಾರದು ಅಂತಲೇ ಹಾಗೆ ಮಾಡಿಕೊಂಡಿದ್ದು.

ಮಾರ್ಚ್‌ನಲ್ಲಿ ಟಿಎಸ್ಎಚ್ 9.8 ಬಂತು. ಡೋಸ್ 100 ಮಾಡಿದರು. ಈಗ 11.4! ಮಲಬದ್ಧತೆ ಇದೆ, ಮಲವೂ ಕಪ್ಪಗೆ ಆಗುತ್ತದೆ. ಮೂರನೇ ಪೀರಿಯಡ್ ಹೊತ್ತಿಗೆ ಕುರ್ಚಿ ಹಿಡಿದು ಪಾಠ ಮಾಡುವ ಸ್ಥಿತಿ. ಮನೆಯಲ್ಲಿ ವಯಸ್ಸಾಯ್ತು ಅಂತಾರೆ. ನನಗೆ ಭಯ ಆಗುತ್ತಿದೆ. ಯಾರಿಗಾದರೂ ಹೀಗಾಗಿದೆಯಾ?

ದುರ್ಗದಕ್ಕ, ಚಿತ್ರದುರ್ಗ:

ತಂಗಿ, ನನಗೂ ಹೀಗೇ ಆಗಿತ್ತು. ಥೈರಾಯ್ಡ್ ಮಾತ್ರೆ ಜೊತೆಗೇ ಕ್ಯಾಲ್ಸಿಯಂ ನುಂಗುತ್ತಿದ್ದೆ. ಡೋಸ್ ಏರಿ ಏರಿ 125 ಆಯಿತು. ಮಗಳು ಯಾರಿಂದಲೋ ತಿಳಿದುಕೊಂಡು ಬಂದು ಕ್ಯಾಲ್ಸಿಯಂ ರಾತ್ರಿಗೆ ಹಾಕಿದಳು. ನಾವು ಡಾಕ್ಟರಿಗೆ ಹೇಳಲಿಲ್ಲ. ತಪ್ಪಾಗಿದ್ದು ಅಲ್ಲೇ. ಎರಡು ತಿಂಗಳಲ್ಲಿ ಎದೆ ಡವಡವ, ಕೈ ನಡುಕ, ನಿದ್ದೆ ಇಲ್ಲ. ಜೋಗಿಮಟ್ಟಿ ರಸ್ತೆಯಲ್ಲಿ ವಾಕಿಂಗ್ ಹೋದವಳು ಅರ್ಧ ದಾರಿಯಲ್ಲೇ ಕೂತುಬಿಟ್ಟೆ. ಅಲ್ಲಿಯವರೆಗೆ ಅರ್ಧಂಬರ್ಧ ಮೈಗೆ ಹತ್ತುತ್ತಿದ್ದ ಮಾತ್ರೆ ಈಗ ಪೂರ್ತಿ ಹತ್ತುತ್ತಿತ್ತು, ನನಗೆ 125 ಜಾಸ್ತಿಯಾಗಿತ್ತು. ನೀನು ಹೊತ್ತು ಬದಲಾಯಿಸಿದರೆ ಡಾಕ್ಟರಿಗೆ ಹೇಳಿಯೇ ಬದಲಾಯಿಸು.

ಫಾರ್ಮಸಿಸ್ಟ್, ಪಿ.ಜೆ. ಬಡಾವಣೆ, ದಾವಣಗೆರೆ:

ಮೇಡಂ, ಅಕ್ಕ ಹೇಳಿದ್ದು ಸರಿ. ಕಬ್ಬಿಣ, ಕ್ಯಾಲ್ಸಿಯಂ ಎರಡೂ ಹೊಟ್ಟೆಯೊಳಗೆ ಥೈರಾಯ್ಡ್ ಮಾತ್ರೆಗೆ ಅಂಟಿಕೊಳ್ಳುತ್ತವೆ. ಅದು ರಕ್ತಕ್ಕೆ ಸೇರುವುದೇ ಕಡಿಮೆ ಆಗುತ್ತದೆ. ನಾಲ್ಕು ಗಂಟೆ ಅಂತರ ಬೇಕೇ ಬೇಕು. ಕಾಫಿಯೂ ಅಡ್ಡಿ ಮಾಡುತ್ತದೆ.

ನಿಮ್ಮ ವಿಷಯದಲ್ಲಿ ಇನ್ನೊಂದು ಸುತ್ತು ಕಾಣುತ್ತಿದೆ. ಥೈರಾಯ್ಡ್ ಕಡಿಮೆ ಆದರೆ ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗಬಹುದು. ರಕ್ತ ಹೋದರೆ ಹಿಮೋಗ್ಲೋಬಿನ್ ಇಳಿಯುತ್ತದೆ. ಅದಕ್ಕೆ ಕಬ್ಬಿಣ ತಿನ್ನುತ್ತೀರಿ. ಆ ಕಬ್ಬಿಣ ಥೈರಾಯ್ಡ್ ಮಾತ್ರೆಯನ್ನೇ ತಡೆಯುತ್ತದೆ. ಹಾಗಂತ ಕಬ್ಬಿಣ ಬಿಡಬೇಡಿ, ಹೊತ್ತು ಬೇರೆ ಮಾಡಿ. ಎಂಟು ದಿನದ ರಕ್ತಸ್ರಾವವನ್ನು ಪೂರ್ತಿ ಥೈರಾಯ್ಡ್ ತಲೆಗೆ ಕಟ್ಟಲೂಬೇಡಿ. ಗರ್ಭಕೋಶದಲ್ಲಿ ಗಡ್ಡೆ ಇದ್ದರೂ ಹೀಗಾಗುತ್ತದೆ. ಹೆರಿಗೆ ಡಾಕ್ಟರ ಹತ್ತಿರ ಸ್ಕ್ಯಾನ್ ಮಾಡಿಸಿ.

ಎದ್ದ ಕೂಡಲೇ ಬರೀ ನೀರಲ್ಲಿ ಥೈರಾಯ್ಡ್ ಮಾತ್ರೆ, ಒಂದು ಗಂಟೆ ಬಿಟ್ಟು ಕಾಫಿ, ತಿಂಡಿ. ಹನ್ನೊಂದರ ಇಂಟರ್‌ವಲ್‌ನಲ್ಲಿ ಕಬ್ಬಿಣ, ಜೊತೆಗೆ ನಿಂಬೆ ಶರಬತ್ತು ಒಳ್ಳೆಯದು. ಆ ಹೊತ್ತಿಗೆ ಚಹಾ ಬೇಡ. ಕ್ಯಾಲ್ಸಿಯಂ ರಾತ್ರಿ ಊಟ ಆದಮೇಲೆ. ಕಬ್ಬಿಣದ ಮಾತ್ರೆಗೆ ಮಲ ಕಪ್ಪಗಾಗುವುದು ಸಹಜ. ಆದರೆ ಡಾಂಬರಿನ ಹಾಗೆ ಅಂಟಂಟಾಗಿ, ಕೆಟ್ಟ ವಾಸನೆ ಬಂದರೆ ತಕ್ಷಣ ತೋರಿಸಿ.

ಬಯೋಟಿನ್ ಬಗ್ಗೆ ಒತ್ತಿ ಹೇಳುತ್ತೇನೆ. ನಮ್ಮ ದೇಹಕ್ಕೆ ದಿನಕ್ಕೆ ಬೇಕಾಗುವುದು ಸುಮಾರು 30 ಮೈಕ್ರೋಗ್ರಾಂ. ಕೂದಲಿನ ಎಷ್ಟೋ ಮಾತ್ರೆಗಳಲ್ಲಿ 10,000 ಇರುತ್ತದೆ. ಕೆಲವು ಲ್ಯಾಬ್ ಪರೀಕ್ಷೆಗಳಲ್ಲಿ ಅದು ಟಿಎಸ್ಎಚ್ ಅನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಅಂದರೆ ನಿಮ್ಮ 11.4 ನಿಜದಲ್ಲಿ ಇನ್ನೂ ಜಾಸ್ತಿ ಇದ್ದಿರಬಹುದು. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ನಿಲ್ಲಿಸಿ, ಡಾಕ್ಟರಿಗೂ ಹೇಳಿ.

60,000 ಯೂನಿಟ್‌ನ ವಿಟಮಿನ್ ಡಿ ವಾರಕ್ಕೆ ಒಂದೇ. ದಿನಾ ನುಂಗಿ ವಾಂತಿ, ವಿಪರೀತ ಬಾಯಾರಿಕೆ ಅಂತ ಬಂದವರನ್ನು ನಮ್ಮ ಅಂಗಡಿಯಲ್ಲೇ ನೋಡಿದ್ದೇನೆ.

ಹರಿಹರ ಬಸ್ ಟೀಚರ್:

ಓದುತ್ತಾ ಕಣ್ಣಲ್ಲಿ ನೀರು ಬಂತು. ಇವತ್ತು ಎಲ್ಲ ಡಬ್ಬಿಗಳನ್ನೂ ಚೀಲಕ್ಕೆ ಹಾಕಿಕೊಂಡು ಡಾಕ್ಟರ ಟೇಬಲ್ ಮೇಲೆ ಇಟ್ಟೆ. ಬಯೋಟಿನ್ ನಿಲ್ಲಿಸಿದರು. ಸದ್ಯಕ್ಕೆ 100 ಅನ್ನು ಮತ್ತೆ 75ಕ್ಕೆ ತಂದಿದ್ದಾರೆ, ಆರು ವಾರದ ಮೇಲೆ ಪರೀಕ್ಷೆ. ಸೋಮವಾರ ಸ್ಕ್ಯಾನ್. ಕಬ್ಬಿಣದ ಡಬ್ಬಿ ನಾಳೆಯಿಂದ ಸ್ಟಾಫ್ ರೂಮಿನ ಡ್ರಾಯರ್‌ನಲ್ಲಿ. ಥೈರಾಯ್ಡ್ ಮಾತ್ರೆ ದಿಂಬಿನ ಪಕ್ಕ ಇಟ್ಟು, ಐದೂವರೆಗೆ ಅಲಾರಂ ಇಟ್ಟಿದ್ದೇನೆ.

ದುರ್ಗದಕ್ಕ:

ರಿಪೋರ್ಟ್ ಬಂದಮೇಲೆ ಇಲ್ಲೇ ಹೇಳು ತಂಗಿ. ಎದೆ ಡವಡವ ಅಂದರೆ ಮಾತ್ರ ಆರು ವಾರ ಕಾಯಬೇಡ.