‘ವಸತಿ ಸಾಂದ್ರತೆ’: ಯಾವ ನೆಲಕ್ಕೆ, ಯಾವ ಎಣಿಕೆಗೆ?

ಕಲಬುರಗಿಯ ಹೊಸ ಬಡಾವಣೆಗಳ ಕುರಿತು ಟಿಪ್ಪಣಿಯೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ ‘ವಸತಿ ಸಾಂದ್ರತೆ’ ಎಂಬ ಪದವನ್ನು ಯಾವ ಅರ್ಥದಲ್ಲಿ ಬಳಸಬೇಕೆಂಬುದು ನನ್ನ ಪ್ರಶ್ನೆ. ಎಕರೆಗೋ ಹೆಕ್ಟೇರಿಗೋ ಎಷ್ಟು ಮನೆ ಎಂಬ ಸಾಮಾನ್ಯ ಅರ್ಥ ಎಲ್ಲರಿಗೂ ತಿಳಿದದ್ದೇ; ಆದರೆ ಯಾವ ನೆಲವನ್ನು ಲೆಕ್ಕಕ್ಕೆ ಹಿಡಿದಿದೆ ಎಂಬುದನ್ನು ಆ ಪದ ಹೇಳುವುದಿಲ್ಲ.

ಸೇಡಂ ರಸ್ತೆಯ ಕಡೆ ಒಂದು ಎಕರೆ ಹೊಲ ಬಡಾವಣೆಯಾಯಿತೆನ್ನೋಣ. ನಲವತ್ತು ಗುಂಟೆ ಎಂದರೆ 43,560 ಚದರ ಅಡಿ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯಗಳಿಗೆ ಬಿಟ್ಟು ಶೇ 55ರಷ್ಟು ನೆಲ ಉಳಿದರೆ, 30×40 ಅಳತೆಯ ಸುಮಾರು 20 ನಿವೇಶನಗಳಾಗುತ್ತವೆ. ನಿವೇಶನಕ್ಕೊಂದು ಮನೆಯಂತೆ ಇಡೀ ನೆಲಕ್ಕೆ ಭಾಗಿಸಿದರೆ ಎಕರೆಗೆ 20 ಮನೆ, ನಿವೇಶನಗಳ ನೆಲಕ್ಕಷ್ಟೇ ಭಾಗಿಸಿದರೆ ಎಕರೆಗೆ 36 ಮನೆ. ಹೆಕ್ಟೇರ್ ಲೆಕ್ಕದಲ್ಲಿ ಸುಮಾರು 49 ಮತ್ತು 90. ಒಂದು ಮನೆಯೂ ಹೆಚ್ಚು ಕಟ್ಟದೆ ಅಂಕಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.

ಮೊದಲನೆಯದಕ್ಕೆ ‘ಸ್ಥೂಲ ಸಾಂದ್ರತೆ’ ಎನ್ನಬಹುದು. ‘ಒಟ್ಟು ಸಾಂದ್ರತೆ’ ಎಂದರೆ ಹಲವು ಸಾಂದ್ರತೆಗಳನ್ನು ಕೂಡಿಸಿದಂತೆ ಕೇಳಿಸುತ್ತದೆ. ಎರಡನೆಯದಕ್ಕೆ ‘ನಿವ್ವಳ’ ಎನ್ನಲು ಮಾತ್ರ ನನಗೆ ಹಿಂಜರಿಕೆಯಿದೆ. ಹೆಕ್ಟೇರಿಗೆ 30ರಿಂದ 50 ಮನೆಗಳಿರಲಿ ಎಂದು 2000ರಲ್ಲಿ ಇಂಗ್ಲೆಂಡಿನ ಯೋಜನಾ ಮಾರ್ಗದರ್ಶಿ ಹೇಳಿದಾಗ, ಅದರ ನಿವ್ವಳ ನೆಲದಲ್ಲಿ ಬಡಾವಣೆಯ ಒಳರಸ್ತೆ, ವಾಹನ ನಿಲುಗಡೆ, ಮಕ್ಕಳ ಆಟದ ಜಾಗಗಳೂ ಸೇರಿದ್ದವು. ಹಾಗಾಗಿ ನಿವೇಶನಗಳನ್ನಷ್ಟೇ ಹಿಡಿದ ಲೆಕ್ಕಕ್ಕೆ ‘ನಿವೇಶನ ಸಾಂದ್ರತೆ’ ಎಂಬ ಬೇರೆ ಪದವೇ ಬೇಕೆಂದು ನನ್ನ ಅಭಿಪ್ರಾಯ.

ಎಣಿಸುವ ವಸ್ತುವಿನ ಹೆಸರು ಇದಕ್ಕಿಂತ ಕಠಿಣ. ಬ್ರಹ್ಮಪುರದಂಥ ಹಳೆಯ ಓಣಿಯಲ್ಲಿ ಕೆಳಗೆ ಮಾಲೀಕರು, ಮೇಲೆ ಎರಡು ಬಾಡಿಗೆ ಕುಟುಂಬಗಳಿದ್ದು, ಬಾಗಿಲ ಪಕ್ಕದ ಗೋಡೆಯಲ್ಲಿ ಮೂರು ವಿದ್ಯುತ್ ಮೀಟರ್‌ಗಳಿದ್ದರೂ ಜನ ಅದನ್ನು ‘ಒಂದು ಮನಿ’ ಎಂದೇ ಕರೆಯುತ್ತಾರೆ. ಜನಗಣತಿ ಕುಟುಂಬವನ್ನು ಗುರುತಿಸುವುದು ಒಂದೇ ಅಡುಗೆಮನೆಯ ಊಟದಿಂದ. ಆ ಲೆಕ್ಕದಲ್ಲಿ ಅಲ್ಲಿರುವುದು ಮೂರು ಕುಟುಂಬ. ಯೋಜನೆಯ ಲೆಕ್ಕಕ್ಕೆ ‘ವಾಸಘಟಕ’ (ಒಂದು ಕುಟುಂಬ ಪ್ರತ್ಯೇಕವಾಗಿ ವಾಸಿಸುವ ಮನೆ ಅಥವಾ ಮನೆಯ ಭಾಗ) ಎಂಬ ಪದ ನಿಖರವಾದರೂ ಓದುಗರಿಗೆ ಅಪರಿಚಿತ. ಇನ್ನು ‘ಜನಸಾಂದ್ರತೆ’ ತಲೆ ಎಣಿಕೆಯ ಮಾತಾದ್ದರಿಂದ ಅದನ್ನು ಇದರ ಬದಲಿಗೆ ಬಳಸುವಂತಿಲ್ಲ. ‘ದಟ್ಟಣೆ’ಯನ್ನು ಒಂದು ಕೋಣೆಯಲ್ಲಿ ಎಷ್ಟು ಮಂದಿ ಎಂಬ ಇಕ್ಕಟ್ಟಿನ ಅಳತೆಗೆ ಕಾಯ್ದಿರಿಸುವುದು ಲೇಸು.

ನಗರ ಯೋಜನೆಯ ಕಡತಗಳಲ್ಲಿ ಕನ್ನಡ ಬಳಸುವವರು ‘ವಾಸಘಟಕ’ಕ್ಕಿಂತ ಸಲೀಸಾದ ಮಾತನ್ನು ಬಲ್ಲರೆ? ‘ನಿವೇಶನ ಸಾಂದ್ರತೆ’ ಎಂದಾಗ, ಎಕರೆಗೆ ಎಷ್ಟು ನಿವೇಶನ ಎಂಬ ತಪ್ಪು ಅರ್ಥ ಹೊಳೆಯುತ್ತದೆಯೇ ಎಂಬುದನ್ನೂ ದಯವಿಟ್ಟು ತಿಳಿಸಬೇಕು.