ಭಾವಗ ಎಚ್‌ಐವಿ ಅಂತ ಗೊತ್ತಾಗೇತಿ, ಮನ್ಯಾಗ ತಾಟು ಬ್ಯಾರೆ ಮಾಡ್ಯಾರ, ಏನ್ ಮಾಡ್ಲಿ?

ಹೊಳಿದಂಡಿ:
ಎಲ್ಲಾರಿಗೂ ನಮಸ್ಕಾರ್ರೀ. ನಮ್ದು ಬಾಗಲಕೋಟಿ ಜಿಲ್ಲಾದಾಗ ಒಂದು ಹಳ್ಳಿ, ಹೆಸರು ಬ್ಯಾಡ. ಅಕ್ಕ ಬಸರಿ, ಏಳನೇ ತಿಂಗಳ, ತವರಮನಿಗೆ ಬಂದಾಳ. ಭಾವ ಗೋವಾದಾಗ ಕಟ್ಟಡದ ಕೆಲಸಕ್ಕಿದ್ರು, ಕೆಮ್ಮು ಹತ್ತಿ ಎರಡು ತಿಂಗಳಾದ್ರೂ ಬಿಡ್ಲಿಲ್ಲ, ಮೈ ಇಳದು ಅರ್ಧ ಆಗಿದ್ರು, ಅವರನ್ನೂ ಇಲ್ಲಿಗೇ ಕರಕೊಂಡ ಬಂದ್ವಿ. ತಾಲೂಕು ದವಾಖಾನ್ಯಾಗ ಕಫ ನೋಡಿ ಟಿಬಿ ಅಂದ್ರು, ಟಿಬಿ ಇದ್ದವರಿಗೆಲ್ಲಾ ಇದನ್ನೂ ಮಾಡ್ತೀವಿ ಅಂತ ರಕ್ತ ತಗೊಂಡ್ರು, ಎಚ್‌ಐವಿ ಪಾಸಿಟಿವ್ ಬಂತು.

ಆವತ್ತಿಂದ ಅವ್ವ ಅವರ ತಾಟು, ತಂಬಿಗಿ, ಹಾಸಿಗಿ ಎಲ್ಲಾ ಬ್ಯಾರೆ ಮಾಡ್ಯಾಳ. ಹಿತ್ತಲದಾಗ ಕಟ್ಟಿಗಿ ಇಡೋ ಖೋಲಿ ಐತಿ, ಕಿಟಕಿ ಸೈತ ಇಲ್ಲ, ಅಲ್ಲೇ ಮಲಗಸ್ಯಾರ. ಅಕ್ಕ ಬಾಗಲದಾಗ ತಾಟು ಇಟ್ಟು ಹಿಂದ ಸರೀತಾಳ. ಅವಳ ಮಗ ಇನ್ನೂ ನಾಲ್ಕು ವರ್ಷದಾಂವ, ಅಪ್ಪಾ ಅಂತ ಓಡಿ ಹೋದ್ರ ರಟ್ಟಿ ಹಿಡದು ಎಳಕೊಂಡ ಬರ್ತಾರ. ಭಾವ ಏನೂ ಮಾತಾಡಂಗಿಲ್ಲ. ನಿನ್ನಿ ತಾಟಿನ್ಯಾಗ ರೊಟ್ಟಿ ಹಂಗ ಉಳದಿತ್ತು, ನೋಡಿ ನನಗ ತಡಕೊಳ್ಳಾಕ ಆಗ್ಲಿಲ್ಲ.

ಅಕ್ಕಗ ಮೂರನೇ ತಿಂಗಳದಾಗ ರಕ್ತ ಮಾಡಿದಾಗ ಎಚ್‌ಐವಿ ಇಲ್ಲ ಅಂತ ಬಂದಿತ್ತು, ತಾಯಿ ಕಾರ್ಡಿನ್ಯಾಗ ಐತಿ. ಮತ್ತ ಮಾಡಸಬೇಕೇನು? ತಾಲೂಕು ದವಾಖಾನಿ ಲ್ಯಾಬಿನ್ಯಾಗ ನಮ್ಮ ಓಣಿಯವನ ಒಬ್ಬ ಅದಾನ, ಅವನಿಗೆ ಗೊತ್ತಾದ್ರ ಊರೆಲ್ಲಾ ಆಗ್ತೈತಿ ಅಂತ ಅಕ್ಕ ಹೆದರ್ಯಾಳ. ಅವ್ವಗ ಹೆಂಗ ತಿಳಸಲಿ, ಅದನ್ನೂ ಹೇಳ್ರಿ.

ಸಂಪಿಗೆಮರ:
ನಾನು ಐಸಿಟಿಸಿಯಲ್ಲಿ, ಅಂದ್ರೆ ಎಚ್‌ಐವಿ ಸಲಹೆ, ಪರೀಕ್ಷೆ ಕೇಂದ್ರದಲ್ಲಿ ಆಪ್ತಸಮಾಲೋಚಕಿ, ಮೈಸೂರು ಕಡೆ, ಹನ್ನೊಂದು ವರ್ಷ ಆಯ್ತು. ತಮ್ಮಾ, ಮೊದ್ಲು ಆ ಕೋಣೆ ವಿಷ್ಯ ಹೇಳ್ಬಿಡ್ತೀನಿ, ಯಾಕಂದ್ರೆ ನಿಮ್ಮನೇಲಿ ಯಾವುದಕ್ಕೆ ಹೆದರ್ಬೇಕೋ ಅದಕ್ಕೆ ಹೆದರ್ತಾ ಇಲ್ಲ. ಎಚ್‌ಐವಿ ತಟ್ಟೆ, ಲೋಟ, ಎಂಜಲು, ಬೆವರು, ಬಚ್ಚಲು, ಸೊಳ್ಳೆ ಯಾವುದ್ರಿಂದಾನೂ ಬರಲ್ಲ. ಕಾಂಡೋಮ್ ಇಲ್ಲದ ಸಂಪರ್ಕ, ರಕ್ತ, ಒಬ್ಬರು ಚುಚ್ಚಿಕೊಂಡ ಸೂಜಿ ಇನ್ನೊಬ್ಬರು ಬಳಸೋದು, ತಾಯಿಯಿಂದ ಮಗುಗೆ, ಇಷ್ಟೇ ದಾರಿ. ಆದ್ರೆ ಟಿಬಿ ಗಾಳೀಲಿ ಹರಡುತ್ತೆ! ಕಿಟಕಿ ಇಲ್ಲದ ಕೋಣೇಲಿ ಕೆಮ್ಮೋರನ್ನ ಮಲಗಿಸಿದ್ರೆ ಊಟ ಕೊಡೋಕೆ ಹೋದೋರಿಗೇ ಅಪಾಯ. ಇವತ್ತೇ ಅವರನ್ನ ಗಾಳಿ ಬೆಳಕಿರೋ ಜಗುಲಿಗೆ ತನ್ನಿ, ಬಾಯಿಗೆ ಮಾಸ್ಕ್ ಇರ್ಲಿ, ಮಾತ್ರೆ ಶುರುವಾಗಿ ಎರಡು ವಾರ ಆಗೋವರ್ಗೂ ಅಕ್ಕ, ಮಗು ಬೇರೆ ಕಡೆ ಮಲಗಲಿ. ಇದು ಟಿಬಿಗೋಸ್ಕರ, ಎಚ್‌ಐವಿಗಲ್ಲ ಅಂತ ಎಲ್ರಿಗೂ ಬಿಡಿಸಿ ಹೇಳಿ, ಅವರಿಗೂ ಹೇಳಿ. ತಟ್ಟೆ ಬೇರೆ ಮಾಡೋದು ಎರಡಕ್ಕೂ ಬೇಡ. ಅಕ್ಕನಿಗೂ ಮಗುಗೂ ಟಿಬಿ ತಪಾಸಣೆ ಆಗ್ಬೇಕು, ಐದು ವರ್ಷದೊಳಗಿನ ಮಕ್ಕಳಿಗೆ ಟಿಬಿ ಇಲ್ಲ ಅಂತ ಖಚಿತ ಆದ್ರೆ ಬರದಂಗೆ ತಡೆಯೋ ಮಾತ್ರೆ ಕೊಡ್ತಾರೆ. ಮಗುಗೂ ಒಂದ್ಸಲ ಎಚ್‌ಐವಿ ಪರೀಕ್ಷೆ ಮಾಡಿಸ್ಬಿಡಿ.

ಅಕ್ಕನ ಪರೀಕ್ಷೆ ಖಂಡಿತ ಮತ್ತೆ ಆಗ್ಬೇಕು. ವೈರಸ್ ಮೈಗೆ ಸೇರಿದ್ರೂ ಪರೀಕ್ಷೇಲಿ ಕಾಣೋಕೆ ಮೂರು ತಿಂಗಳವರೆಗೆ ಹಿಡೀಬೋದು, ಅದನ್ನ ವಿಂಡೋ ಪೀರಿಯಡ್ ಅಂತೀವಿ. ಆ ನೆಗೆಟಿವ್ ಆವತ್ತಿನದು. ಈಗ ಒಂದ್ಸಲ, ಹೆರಿಗೆಗೆ ಮುಂಚೆ ಇನ್ನೊಂದ್ಸಲ. ನಿಮ್ಮ ತಾಲೂಕಲ್ಲೇ ಮಾಡಿಸ್ಬೇಕು ಅಂತೇನಿಲ್ಲ, ಯಾವ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯ ಐಸಿಟಿಸಿಗಾದ್ರೂ ಹೋಗಿ, ಪುಕ್ಕಟೆ, ಸಾಮಾನ್ಯವಾಗಿ ಅವತ್ತೇ ರಿಸಲ್ಟ್. ಎಲ್ಲಿದೆ ಅಂತ ಗೊತ್ತಾಗದಿದ್ರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಅದೂ ಪುಕ್ಕಟೆ. ಒಂದು ಕಿಟ್‌ನಲ್ಲಿ ಬಂತು ಅಂತ ಯಾರೂ ಪಾಸಿಟಿವ್ ಅನ್ನಲ್ಲ, ಮೂರು ಬೇರೆ ಬೇರೆ ಕಿಟ್‌ನಲ್ಲಿ ನೋಡಿ ಹೇಳ್ತೀವಿ.

ಒಂದು ವೇಳೆ ಪಾಸಿಟಿವ್ ಬಂದ್ರೂ ಅಕ್ಕನಿಗೆ ತಡ ಮಾಡ್ದೆ ವೈರಸ್ ಅದುಮಿ ಇಡೋ ಮಾತ್ರೆ, ಅಂದ್ರೆ ಎಆರ್‌ಟಿ ಶುರು ಮಾಡ್ತಾರೆ, ಮಗುಗೆ ಹುಟ್ಟಿದ ಕೂಡ್ಲೇ ಸಿರಪ್ ಕೊಡ್ತಾರೆ, ಆರು ವಾರಕ್ಕೆ ಹಿಮ್ಮಡಿ ರಕ್ತ ಕಾರ್ಡಿನ ಮೇಲೆ ತಗೊಂಡು ಪರೀಕ್ಷೆಗೆ ಕಳಿಸ್ತಾರೆ, ಹದಿನೆಂಟು ತಿಂಗಳವರೆಗೂ ನೋಡ್ತಾರೆ. ಏನೂ ಮಾಡದೇ ಬಿಟ್ರೆ ನೂರು ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಬರುತ್ತೆ, ಚಿಕಿತ್ಸೆ ಸರಿಯಾಗಿ ನಡೆದ್ರೆ 5ಕ್ಕಿಂತ ಕಮ್ಮಿ. ಅದಕ್ಕೇ ಹೇಳ್ತಿರೋದು, ಹೆದರಿ ದಿನ ಕಳೀಬೇಡಿ.

ಬಯಲುಗಾಳಿ:
ಎಲ್ಲಾ ಸರಿ, ಆದ್ರೂ ಬಸುರಿ ಇರೋ ಮನೆ, ಹುಷಾರಿಗೆ ಅಂತ ತಟ್ಟೆ ಬೇರೆ ಇಟ್ರೆ ತಪ್ಪೇನು? ನಮ್ಮ ಕಡೆ ನಾಟಿ ಔಷಧಿ ಕೊಡೋರೊಬ್ರು ಇದಾರೆ, ಆರು ತಿಂಗಳಲ್ಲಿ ಪೂರ್ತಿ ವಾಸಿ ಆಗುತ್ತೆ ಅಂತಾರೆ, ಬೇಕಾದ್ರೆ ಕೇಳಿ ಹೇಳ್ತೀನಿ.

ಹದಿನಾರುವರ್ಷ:
ದಯವಿಟ್ಟು ಆ ವಿಳಾಸ ಯಾರಿಗೂ ಕೊಡ್ಬೇಡಿ ಸರ್. ನಾನೇ ಪಾಸಿಟಿವ್, ದಾವಣಗೆರೆ ಕಡೆಯವನು, ಗೊತ್ತಾಗಿ ಹದಿನಾರು ವರ್ಷ. ಆಗ ಸಿಡಿ4 (ರೋಗ ತಡೆಯೋ ರಕ್ತಕಣದ ಎಣಿಕೆ) ಇಂತಿಷ್ಟಕ್ಕಿಂತ ಕೆಳಗಿಳಿದ್ರೇನೇ ಮಾತ್ರೆ ಕೊಡ್ತಿದ್ರು, ನಂದು ಇನ್ನೂ ಇಳಿದಿಲ್ಲ ಕಾಯ್ರಿ ಅಂದ್ರು, ಆ ಕಾಯೋ ಹೊತ್ತಲ್ಲಿ ಅಣ್ಣ ನನ್ನನ್ನ ನಾಟಿ ಔಷಧಿಯವರ ಹತ್ರ ಕರ್ಕೊಂಡು ಹೋದ. ಎಂಟು ತಿಂಗಳು ಕಷಾಯ ಕುಡಿದೆ, ಎರಡು ಎಮ್ಮೆ ಮಾರಿದ್ವಿ, ವಾಪಸ್ ಬರೋವಾಗ ನಡೆಯೋಕೂ ಆಗ್ತಿರ್ಲಿಲ್ಲ. ಆಮೇಲೆ ಎಆರ್‌ಟಿ ಸೆಂಟರಿನ ಮಾತ್ರೆಯಿಂದಾನೇ ಎದ್ದು ಕೂತಿದ್ದು. 2017ರಿಂದ ಈ ಕಾಯೋದೂ ಇಲ್ಲ, ಪಾಸಿಟಿವ್ ಅಂದ್ರೆ ಸಿಡಿ4 ಎಷ್ಟೇ ಇರ್ಲಿ ಮಾತ್ರೆ. ಸರ್ಕಾರ 2004ರಿಂದ ಪುಕ್ಕಟೆ ಕೊಡ್ತಾ ಇದೆ. ಪೂರ್ತಿ ವಾಸಿ ಮಾಡೋದಲ್ಲ ಇದು, ವೈರಸ್ಸನ್ನ ಅದುಮಿ ಇಡೋದು, ಬಿಟ್ರೆ ಮತ್ತೆ ಏಳುತ್ತೆ, ಅದಕ್ಕೆ ದಿನಾ ತಗೋಬೇಕು. ನನಗೆ ಈಗ ರಾತ್ರಿ ಒಂದೇ ಮಾತ್ರೆ. ನಿಮ್ಮ ಭಾವನಿಗೆ ಟಿಬಿ ಮಾತ್ರೆ ನಡೆಯುವಷ್ಟು ದಿನ ಡೊಲುಟೆಗ್ರವಿರ್ ಅನ್ನೋ ಎಚ್‌ಐವಿ ಮಾತ್ರೆ ಇನ್ನೊಂದು ಹೆಚ್ಚಿಗೆ ಕೊಡ್ಬೋದು, ಕಾಯಿಲೆ ಜಾಸ್ತಿ ಆಯ್ತು ಅಂತ ಗಾಬರಿ ಆಗ್ಬೇಡಿ, ಟಿಬಿ ಮಾತ್ರೆ ಅದರ ಬಲ ಕಮ್ಮಿ ಮಾಡುತ್ತೆ, ಅದಕ್ಕೆ ಅಷ್ಟೆ.

ನನ್ನ ವೈರಲ್ ಲೋಡ್, ಅಂದ್ರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ, ವರ್ಷ ವರ್ಷ ನೋಡ್ತಾರೆ, ಪರೀಕ್ಷೇಲಿ ಸಿಗದಷ್ಟು ಕಮ್ಮಿ. ಹಂಗಿದ್ದಾಗ ಸಂಪರ್ಕದಿಂದ ಇನ್ನೊಬ್ಬರಿಗೆ ಹೋಗಲ್ಲ. ನನ್ನ ಹೆಂಡ್ತಿ ನೆಗೆಟಿವ್, ಇಬ್ರು ಹೆಣ್ಮಕ್ಕಳೂ ನೆಗೆಟಿವ್. ನಿಮ್ಮ ಭಾವಂದು ಅಲ್ಲಿಗೆ ಇಳಿಯೋವರ್ಗೂ ಕಾಂಡೋಮ್ ಬೇಕೇ ಬೇಕು.

ತಟ್ಟೆ ಬೇರೆ ಇಟ್ರೆ ತಪ್ಪೇನು ಅಂದ್ರಲ್ಲ. ನಮ್ಮನೇಲೂ ಇಟ್ಟಿದ್ರು, ಸ್ಟೀಲ್ ತಟ್ಟೆಗೆ ಕೆಂಪು ಪೇಂಟಿನ ಗುರುತು ಹಾಕಿ. ಕಾಯಿಲೆಗಿಂತ ಆ ಕೆಂಪು ಚುಕ್ಕೆ ನೋಡಿದಾಗ ಸಾಯ್ಬೇಕು ಅನ್ಸೋದು. ನಮ್ಮಜ್ಜಿಗೆ ಓದು ಬರಹ ಏನಿಲ್ಲ, ಒಂದಿನ ಬಂದು ನಾನು ಅರ್ಧ ಬಿಟ್ಟಿದ್ದ ಮುದ್ದೆ ನನ್ನ ತಟ್ಟೇಲೇ ಉಂಡ್ಲು. ಯಾರಿಗೂ ಏನೂ ಹೇಳ್ಲಿಲ್ಲ. ತಮ್ಮಾ, ಅವ್ವನಿಗೆ ಬಾಯಲ್ಲಿ ಎಷ್ಟು ಹೇಳಿದ್ರೂ ಇಳಿಯಲ್ಲ, ನೀನು ಭಾವನ ಜೊತೆ ಕೂತು ಉಣ್ಣು. ಮತ್ತೆ ಹೆಂಗೆ ಬಂತು, ಯಾರಿಂದ ಬಂತು ಅಂತ ಅವರನ್ನ ಕೇಳ್ಬೇಡ, ಆ ಪ್ರಶ್ನೇನ ಅವರು ದಿನಾ ತಮ್ಮನ್ನೇ ಕೇಳ್ಕೊತಾ ಇರ್ತಾರೆ.

ಕಾನೂನುಓದು:
ಲ್ಯಾಬಿನವನ ಬಗ್ಗೆ ಒಂದು ಮಾತು. 2017ರಲ್ಲಿ ಎಚ್‌ಐವಿ ಏಡ್ಸ್ ಕಾಯ್ದೆ ಆಗಿದೆ, 2018ರ ಸೆಪ್ಟೆಂಬರ್ 10ರಿಂದ ಜಾರೀಲಿದೆ. ಕೆಲಸದಲ್ಲಿ ಗೊತ್ತಾದ ರಿಸಲ್ಟನ್ನ ಒಪ್ಪಿಗೆ ಇಲ್ದೆ ಹೊರಗೆ ಹೇಳೋ ಹಾಗಿಲ್ಲ. ಪಾಸಿಟಿವ್ ಅಂತ ಚಿಕಿತ್ಸೆ, ಕೆಲಸ, ಶಾಲೆ, ಬಾಡಿಗೆ ಮನೆ ತಪ್ಪಿಸೋ ಹಾಗೂ ಇಲ್ಲ. ಏನಾದ್ರೂ ಆದ್ರೆ ಬರೆದಿಟ್ಕೊಳ್ಳಿ, ತಾರೀಕು ಸಮೇತ.

ಹೊಳಿದಂಡಿ:
ಹನ್ನೆರಡು ದಿನ ಆತು, ಹೇಳಾಕ ಬಂದೀನಿ. ಭಾವ ಈಗ ಪಡಸಾಲ್ಯಾಗ ಅದಾರ, ಕೆಮ್ಮು ಕಮ್ಮಿ ಆಗೇತಿ. ಅಕ್ಕನ್ನ ವಿಜಯಪುರಕ್ಕ ಕರಕೊಂಡ ಹೋಗಿ ಮಾಡಿಸಿದ್ವಿ, ನೆಗೆಟಿವ್ ಬಂತು, ಹುಡುಗಂದೂ ನೆಗೆಟಿವ್. ಅಕ್ಕಂದು ಹಡಿಯೋಕಿಂತ ಮೊದಲ ಇನ್ನೊಮ್ಮೆ ನೋಡ್ತೀವಿ ಅಂದಾರ. ಅಕ್ಕ ಬಸ್ಸಿನ್ಯಾಗ ಪೂರ್ತಿ ದಾರಿ ಅಳ್ತಿದ್ಲು, ಯಾಕಂತ ನಾ ಕೇಳ್ಲಿಲ್ಲ.

ದಾವಣಗೆರಿ ಅಣ್ಣಾರ, ನೀವು ಹೇಳಿದಂಗ ಭಾವನ ಜೋಡಿ ಕುಂತು ಉಂಡೆ. ಅವ್ವ ಮೊದಲನೇ ದಿನ ಎದ್ದು ಒಳಗ ಹೋದ್ಲು. ನಾಲ್ಕನೇ ದಿನ ಇಬ್ರಿಗೂ ತಾನ ಬಡಿಸಿದ್ಲು, ಆದ್ರ ತಾಟು ಇನ್ನೂ ಬ್ಯಾರೇನ ತೊಳೀತಾಳ. ನಾಳೆ ಎಆರ್‌ಟಿ ಸೆಂಟರಿಗೆ ಮೊದಲನೇ ಸಲ ಹೊಂಟೀವಿ, ಆರರ ಬಸ್ಸಿಗೆ. ಏನೇನ್ ಒಯ್ಯಬೇಕ್ರಿ?

ಸಂಪಿಗೆಮರ:
ಐಸಿಟಿಸಿ ರಿಪೋರ್ಟು, ಟಿಬಿ ಚಿಕಿತ್ಸೆ ಕಾಗದ, ಆಧಾರ್, ಎರಡು ಫೋಟೋ, ಈಗ ತಗೋತಿರೋ ಮಾತ್ರೆಗಳನ್ನೂ ಇಟ್ಕೊಳಿ. ಮೊದಲ ದಿನ ರಕ್ತ, ತೂಕ, ಮಾತುಕತೆ ಅಂತ ಸಂಜೆ ಆಗ್ಬೋದು, ಬುತ್ತಿ ಕಟ್ಕೊಂಡು ಹೋಗಿ. ಮುಂದಿನ ತಾರೀಕು ಕಾರ್ಡಲ್ಲಿ ಬರೆದು ಕೊಡ್ತಾರೆ, ಅದನ್ನ ನಿಮ್ಮ ಫೋನಲ್ಲೂ ಹಾಕ್ಕೊಳ್ಳಿ.

ಹೊಳಿದಂಡಿ:
ಆತ್ರೀ ಅಕ್ಕಾರ. ಬುತ್ತಿ ಅವ್ವನ ಕಟ್ಟಾಕತ್ತಾಳ. ಜ್ವಾಳದ ರೊಟ್ಟಿ, ಶೇಂಗಾ ಹಿಂಡಿ. ಇಬ್ರದೂ ಒಂದ ಅರಬ್ಯಾಗ.